ಸೇತುವೆ ಇದ್ದರೂ ದಾಟದ ಅಳಿಲು

ಪ್ರಿಯ ಗೆಳೆಯ,

ಕೊಡಗಿನಿಂದ ನೀನು ಕಳುಹಿಸಿದ ಫೋಟೊ ನೋಡಿದೆ. ಬೆನ್ನಿನ ಪಟ್ಟೆಗಳು ಅಷ್ಟು ಢಾಳಾಗಿವೆ ಎಂದರೆ ಅದು ಕಾಡಳಿಲೇ, ಫುನಾಂಬುಲಸ್ ಟ್ರೈಸ್ಟ್ರಿಯೇಟಸ್. ಪಶ್ಚಿಮ ಘಟ್ಟದ ಉದ್ದಕ್ಕೂ ಸಿಗುತ್ತದೆ. ನೀನು ಹುಡುಕುತ್ತಿರುವುದು ಅದರ ಪುಟ್ಟ ದಾಯಾದಿಯನ್ನು: ನೀಲಗಿರಿ ಅಳಿಲು, ಫುನಾಂಬುಲಸ್ ಸಬ್‌ಲೀನಿಯೇಟಸ್. ತೂಕ ಸುಮಾರು 40 ಗ್ರಾಂ, ನಮ್ಮ ಕಾಂಪೌಂಡಿನ ಅಳಿಲಿನ ಅರ್ಧವೂ ಇಲ್ಲ. ಮೈ ಹಸಿರು ಮಿಶ್ರಿತ ಮಂಕು ಕಂದು. ಬೆನ್ನಿನ ಮೂರು ತಿಳಿ ಗೆರೆಗಳು ಇದ್ದೂ ಇಲ್ಲದಂತಿರುತ್ತವೆ. ರಾಮ ಬೆನ್ನು ಸವರಿದ ಕಥೆ ನಿಜವಾದರೆ, ಇದರ ಸರದಿ ಬರುವಷ್ಟರಲ್ಲಿ ಅವನ ಕೈ ಸೋತಿತ್ತೆಂದು ಕಾಣುತ್ತದೆ.

ಇದಕ್ಕೆ ಶಾಸ್ತ್ರೀಯ ಹೆಸರಿಟ್ಟವನು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವಾಟರ್‌ಹೌಸ್, 1838ರಲ್ಲಿ. ಶ್ರೀಲಂಕಾದ ತೇವದ ಕಾಡುಗಳಲ್ಲೂ ಇಂಥದ್ದೇ ಒಂದು ಮಸುಕು ಅಳಿಲಿದೆ. ಅದನ್ನು 1886ರಲ್ಲಿ ‘ಅಬ್ಸ್‌ಕ್ಯೂರಸ್’ ಎಂದು ವರ್ಣಿಸಿದರೂ, ಮುಂದೆ ನಮ್ಮದರ ಉಪಪ್ರಭೇದವಾಗಿ ಸೇರಿಸಿಬಿಟ್ಟರು. ಎರಡೂ ಚಿಕ್ಕವು, ಎರಡೂ ಮಂಕು, ಹಾಗಾಗಿ ಒಂದೇ ಎಂಬ ಲೆಕ್ಕಾಚಾರ. ದೇಹದ ಲಕ್ಷಣಗಳ ಜೊತೆಗೆ ಡಿಎನ್‌ಎಯನ್ನೂ ಹೋಲಿಸಿ, ಇವು ಬೇರೆ ಬೇರೆ ಪ್ರಭೇದಗಳೆಂದು ರಜಿತ್ ದಿಸ್ಸಾನಾಯಕೆ ಮತ್ತು ತತ್ಸುವೊ ಓಶಿದಾ ತೋರಿಸಿದ್ದು 2012ರಲ್ಲಿ.

ನನಗೆ ಇಷ್ಟವಾದದ್ದು ಇದರ ಹಿಂದಿನ ಭೂಗೋಳ. ಹಿಮಯುಗಗಳಲ್ಲಿ ಕಡಲು ತಗ್ಗಿದಾಗ ಪಾಕ್ ಜಲಸಂಧಿ ಒಣನೆಲವಾಗಿ, ಭಾರತದಿಂದ ಲಂಕೆಗೆ ಕಾಲ್ನಡಿಗೆಯ ದಾರಿಯಿತ್ತು. ನಮ್ಮ ಮನೆಯಂಗಳದ ಮೂರು ಪಟ್ಟೆಯ ಅಳಿಲಿಗೆ, ಅಂದರೆ ಫುನಾಂಬುಲಸ್ ಪಾಮಾರಮ್‌ಗೆ, ಬಯಲಾದರೂ ಸೈ, ತೋಟವಾದರೂ ಸೈ. ಅದು ಇಂದಿಗೂ ಎರಡೂ ಕಡೆ ಇದೆ. ನೀಲಗಿರಿ ಅಳಿಲಿಗೆ ಬೇಕಾದದ್ದು ಮಳೆಕಾಡು, ಒತ್ತಾದ ಪೊದೆ. ತಮಿಳುನಾಡಿನ ದಕ್ಷಿಣದ ಬಯಲೂ ಲಂಕೆಯ ಉತ್ತರ ಭಾಗವೂ ಒಣ ಸೀಮೆಗಳು. ಇಂಥ ಪ್ರಾಣಿಯ ಪಾಲಿಗೆ ಬಿಸಿಲುಗಾಡು ಸಮುದ್ರಕ್ಕಿಂತ ಕಡಿಮೆಯೇನಲ್ಲ. ಸೇತುವೆಗೆ ಮರಳು ಹೊತ್ತ ಕೀರ್ತಿ ಇಡೀ ಅಳಿಲು ಕುಲಕ್ಕೆ ಸಂದಿದೆ ನಿಜ. ಈ ಎರಡು ಮಾತ್ರ ತಂತಮ್ಮ ದಡದಲ್ಲೇ ಉಳಿದು ಬೇರೆಯಾದವು ಎಂಬುದು ನನ್ನ ಊಹೆ.

ವಿಂಗಡಣೆ ಬರಿಯ ಹೆಸರಿನ ಜಗಳವಲ್ಲ. ಎರಡು ದೇಶಗಳಲ್ಲಿ ಇದೆಯೆಂದು ನಿಶ್ಚಿಂತೆಯಿಂದ ಎಣಿಸಿದ್ದ ಪ್ರಾಣಿ ಈಗ ಕೊಡಗು, ನೀಲಗಿರಿ, ಆನೆಮಲೆ ಮತ್ತು ಆಸುಪಾಸಿನ ಘಟ್ಟದ ತುಂಡುಗಳಿಗೆ ಕುಗ್ಗಿದೆ. ಅಲ್ಲೂ ಚಹಾ, ಕಾಫಿ ತೋಟಗಳು ಕಾಡನ್ನು ಹರಿದು ಹಂಚಿವೆ. ಮರಗಳನ್ನು ನೆರಳಿಗೆಂದು ಉಳಿಸಿಕೊಂಡವರೂ ಕೆಳಗಿನ ಪೊದೆಯನ್ನು ಕಳೆಯೆಂದೇ ಸವರುತ್ತಾರೆ.

ಮುಂದಿನ ಸಲ ಬ್ರಹ್ಮಗಿರಿಯ ಕಡೆ ಹೋದರೆ ಕತ್ತು ಎತ್ತಿ ಕೊಂಬೆಗಳನ್ನು ನೋಡುತ್ತಾ ನಿಲ್ಲಬೇಡ, ಪೊದೆಯ ಬುಡದತ್ತ ಕಣ್ಣಿಡು. ಫೋಟೊ ಸಿಕ್ಕರೆ ಬೆನ್ನು ಪೂರ್ತಿ ಕಾಣುವಂತಿರಲಿ. ಮುದ್ದು ಮುಖದಿಂದ ಪ್ರಭೇದ ಗುರುತಿಸಲು ನನ್ನಿಂದಾಗದು.

ನಿನ್ನವ