ಹೇಳಿದ್ದು ಒಂದು, ಕಳುಹಿಸಿದ್ದು ಇನ್ನೊಂದು: ಫೈರ್‌ವಾಲ್ ಪೆಟ್ಟಿಗೆಯ ಬಗ್ಗೆ ಕೊನೆಯ ಪತ್ರ

ದಾವಣಗೆರೆ

ಇವರಿಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು

ವಿಷಯ: ₹16,800 ಪಡೆದು ಜಾಹೀರಾತಿನಲ್ಲಿ ಇಲ್ಲದ ಸರಕು ಕಳುಹಿಸಿ, ಅದನ್ನು ವಾಪಸು ಪಡೆಯಲು ನಿರಾಕರಿಸಿರುವ ಬಗ್ಗೆ

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಐದು ಬಾರಿ ಫೋನ್ ಮಾಡಿದೆ, ಮೂರು ಇಮೇಲ್ ಬರೆದೆ. ಎಲ್ಲವನ್ನೂ ‘ದಯವಿಟ್ಟು’ ಎಂದೇ ಆರಂಭಿಸಿದ್ದೆ. ಈ ಪತ್ರದಲ್ಲಿ ವಿನಂತಿ ಇಲ್ಲ.

ನಾನು ತೆರಿಗೆ ಸಲಹೆಗಾರ್ತಿ. ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ನಲವತ್ತಕ್ಕೂ ಹೆಚ್ಚು ಅಂಗಡಿ, ಅಕ್ಕಿ ಗಿರಣಿಗಳ ಲೆಕ್ಕಪತ್ರ, ಪ್ಯಾನ್ ವಿವರ, ಬ್ಯಾಂಕ್ ವಹಿವಾಟು ನನ್ನ ಕಂಪ್ಯೂಟರಿನಲ್ಲಿವೆ. ಅದೇ ಇಂಟರ್ನೆಟ್ ಸಂಪರ್ಕದಲ್ಲಿ ಮನೆಯ ಟಿವಿ, ಬಾಗಿಲಿನ ಕ್ಯಾಮೆರಾ, ಮಕ್ಕಳ ಮೊಬೈಲ್ ಕೂಡ ಓಡುತ್ತವೆ. ಇವುಗಳ ನಡುವೆ ಒಂದು ಗೋಡೆ, ಅಂದರೆ ಯಾವ ಸಂಪರ್ಕ ಒಳಬರಬೇಕು, ಯಾವುದು ಬಾರದು ಎಂದು ತಡೆದು ನೋಡುವ ಫೈರ್‌ವಾಲ್, ಬೇಕಿತ್ತು. ನಂಬಿ ಕೊಟ್ಟವರ ಕಾಗದ ನನ್ನ ಕೈಯಿಂದ ಸೋರಬಾರದೆಂಬುದು ನನಗೆ ಶೋಕಿಯ ವಿಷಯವಲ್ಲ.

ದೊಡ್ಡ ಕಂಪನಿಗಳ ಫೈರ್‌ವಾಲ್ ಕೊಂಡು ವರ್ಷ ವರ್ಷ ಪರವಾನಗಿ ಶುಲ್ಕ ಕಟ್ಟುವ ಶಕ್ತಿ ನನಗಿಲ್ಲ. ಉಚಿತವಾಗಿ ಸಿಗುವ ಓಪನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶವನ್ನು ಹಾಕಿಕೊಳ್ಳಬಹುದೆಂದು ಓದಿ ತಿಳಿದುಕೊಂಡೆ. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿಯೇ ಹಾಕೋಣವೆಂದರೆ, 50 ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. ಕರೆಂಟ್ ಹೋದಾಗ ಇನ್ವರ್ಟರಿಗೂ ಅದೇ ಹೊರೆ. ಫ್ಯಾನ್ ಇಲ್ಲದ ಸಣ್ಣ ಪೆಟ್ಟಿಗೆ 10 ವ್ಯಾಟ್ ತೆಗೆದುಕೊಂಡರೂ ತಿಂಗಳಿಗೆ ಏಳು ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಎರಡು ತಿಂಗಳು ಹುಡುಕಿ ನಿಮ್ಮ ಪೆಟ್ಟಿಗೆಯನ್ನು ಆರಿಸಿದ್ದು ಒಂದೇ ಸಾಲು ನೋಡಿ: ‘ಇಂಟೆಲ್ ಎನ್100 ಪ್ರೊಸೆಸರ್, ಇಂಟೆಲ್ ಐ226-ವಿ 2.5 ಗಿಗಾಬಿಟ್ ಪೋರ್ಟ್ ನಾಲ್ಕು.’ ಐ226-ವಿ ಎಂದರೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಪೋರ್ಟನ್ನು ನಡೆಸುವ ಇಂಟೆಲ್ ಚಿಪ್.

ಓಪನ್‌ಸೆನ್ಸ್ ನಿಂತಿರುವುದು ವಿಂಡೋಸ್ ಮೇಲಲ್ಲ, ಫ್ರೀಬಿಎಸ್‌ಡಿ ಎಂಬ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯ ಮೇಲೆ. ಅಲ್ಲಿ ಇಂಟೆಲ್ ಚಿಪ್‌ಗಳ ಚಾಲಕ ತಂತ್ರಾಂಶ ಪಳಗಿದ್ದು, ರಿಯಲ್‌ಟೆಕ್ ಎಂಬ ಇನ್ನೊಂದು ಕಂಪನಿಯ ಚಿಪ್‌ಗಳದ್ದು ಹಿಂದಿನಿಂದಲೂ ತಕರಾರಿನದು. ರಿಯಲ್‌ಟೆಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ಕೆಲಸಕ್ಕೆ ಅದು ಬೇಡವಾಗಿತ್ತು, ಅದಕ್ಕಾಗಿಯೇ ಇಂಟೆಲ್ ಎಂದು ಬರೆದಿದ್ದ ಸರಕಿಗೆ ದುಡ್ಡು ಕೊಟ್ಟೆ.

ಪೆಟ್ಟಿಗೆ ಬಂತು. ಆನ್ ಮಾಡಿದಾಗ ಪರದೆಯ ಮೇಲೆ ಐಜಿಸಿ-0ಯಿಂದ ಐಜಿಸಿ-3ರವರೆಗೆ ನಾಲ್ಕು ಹೆಸರು ಬರಬೇಕಿತ್ತು, ಈ ಇಂಟೆಲ್ ಚಿಪ್‌ನ ಪೋರ್ಟ್‌ಗಳಿಗೆ ಫ್ರೀಬಿಎಸ್‌ಡಿ ಇಡುವ ಹೆಸರು ಅವು. ಬಂದದ್ದು ಆರ್‌ಇ-0, ಆರ್‌ಇ-1, ಆರ್‌ಇ-2, ಆರ್‌ಇ-3. ತಯಾರಕರ ಸಂಕೇತ ಕೇಳಿದರೆ ನಾಲ್ಕಕ್ಕೂ 10ಇಸಿ, ಚಿಪ್ಪಿನ ಸಂಖ್ಯೆ 8168. ಎಂದರೆ ರಿಯಲ್‌ಟೆಕ್, ಅದೂ 1 ಗಿಗಾಬಿಟ್‌ನದು. ಆ ತಿಂಗಳ 20ರಂದು, ತಿಂಗಳ ಜಿಎಸ್‌ಟಿ ವಿವರಪಟ್ಟಿಯಾದ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ, ಸಂಜೆಯೊಳಗೆ ನಾಲ್ಕು ಬಾರಿ ಪೋರ್ಟ್ ಸತ್ತಿತು. ತಡವಾದರೆ ನನ್ನ ಕಕ್ಷಿದಾರರಿಗೆ ದಿನಕ್ಕೆ ₹50 ವಿಳಂಬ ಶುಲ್ಕ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ಮುಗಿಸಿದೆ.

ವಾಪಸು ಕೇಳಿದ್ದಕ್ಕೆ ನಿಮ್ಮ ಉತ್ತರ: ‘ತಳದ ಮುಚ್ಚಳದ ಸೀಲ್ ಒಡೆದಿದೆ, ಹಿಂಪಡೆಯಲಾಗದು.’ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಗ್ರಾಹಕರೇ ಹಾಕಿಕೊಳ್ಳಬೇಕೆಂದು ಬರೆದವರು ನೀವೇ. ಅವೆರಡನ್ನೂ ಹಾಕುವ ಜಾಗ ಆ ಮುಚ್ಚಳದ ಕೆಳಗಿದೆ, ಸೀಲ್ ಅದರ ಒಂದು ಸ್ಕ್ರೂ ಮೇಲೆಯೇ ಅಂಟಿದೆ. ಅದನ್ನು ಒಡೆಯದೆ ಯಂತ್ರವನ್ನು ಬಳಸುವ ದಾರಿ ಇದ್ದರೆ ಬರೆದು ತಿಳಿಸಿ.

ಈಗ ಐದನೆಯ ಕರೆಯ ವಿಚಾರ. ಹದಿನೆಂಟು ನಿಮಿಷ ಕಾಯಿಸಿದ ಮೇಲೆ ನಿಮ್ಮ ‘ತಾಂತ್ರಿಕ ಹಿರಿಯರು’ ಬಂದರು. ನಾನು 10ಇಸಿ ಎಂದು ಅಕ್ಷರ ಬಿಡಿಸಿ ಓದಿದೆ. “ಅದು ಸಾಫ್ಟ್‌ವೇರ್ ನಂಬರ್ ಮೇಡಂ, ಒಂದೊಂದು ಯಂತ್ರದಲ್ಲಿ ಒಂದೊಂದು ಬರುತ್ತದೆ” ಎಂದರು. ಇಂಟೆಲ್ ಆಗಿದ್ದರೆ 8086 ಎಂದು ಬರಬೇಕು, 1978ರಲ್ಲಿ ಅವರು ತಂದ ಪ್ರೊಸೆಸರಿನ ಸಂಖ್ಯೆಯೇ ಅವರ ಸಂಕೇತ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೇ? ಯಜಮಾನರಿಗೆ ಫೋನ್ ಕೊಡಿ, ಅವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ” ಎಂದರು. ಫೋನ್ ಸ್ಪೀಕರಿನಲ್ಲಿತ್ತು. ಎದುರಿಗೆ ಲೆಕ್ಕದ ಪುಸ್ತಕ ಹಿಡಿದು ಬಂದಿದ್ದ ಗಿರಣಿಯ ಗುಮಾಸ್ತರು ಕುಳಿತಿದ್ದರು. ಅವರು ತಲೆ ತಗ್ಗಿಸಿ ಪುಸ್ತಕದ ಹಾಳೆ ತಿರುವಿದರು. ಹತ್ತೊಂಬತ್ತು ವರ್ಷಗಳಿಂದ ಅವರ ಗಿರಣಿಯ ಲೆಕ್ಕ ನೋಡುತ್ತಿರುವವಳು ನಾನು. ಪೆಟ್ಟಿಗೆ ಕೊಂಡವಳು ನಾನೇ, ನನಗೇ ಹೇಳಿ ಎಂದೆ. ಪಕ್ಕದಲ್ಲಿದ್ದ ಯಾರೋ ನಕ್ಕದ್ದು ಕೇಳಿಸಿತು. “ಮನೆಗೆ ಫೈರ್‌ವಾಲ್ ಏತಕ್ಕೆ ಮೇಡಂ? ಈ ರೇಟಿಗೆ ಇಷ್ಟೇ ಬರುವುದು” ಎಂದು ಹೇಳಿ ಕರೆ ಕತ್ತರಿಸಿದರು.

ಈ ರೇಟನ್ನು ನಾನು ಚೌಕಾಸಿ ಮಾಡಿ ಇಳಿಸಿದ್ದಲ್ಲ, ನೀವೇ ಬರೆದದ್ದು. ಆ ದುಡ್ಡಿಗೆ ಇಂಟೆಲ್ ಕೊಡಲಾಗದಿದ್ದರೆ ಇಂಟೆಲ್ ಎಂದು ಬರೆಯಬಾರದಿತ್ತು. ಕಡಿಮೆ ಬೆಲೆಗೆ ಹುಡುಕುವವರು ಕಡಿಮೆ ದರ್ಜೆಯ ಜನವೆಂದು ನಿಮಗೆ ಯಾರು ಹೇಳಿದರು?

ನಿಮ್ಮನ್ನು ಕಟ್ಟಿಹಾಕುವ ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಸರಕನ್ನು ವಾಪಸು ಪಡೆಯುವುದಿಲ್ಲ ಎನ್ನುವ ಹಕ್ಕು ಮಾರಾಟಗಾರರಿಗೆ ಇಲ್ಲ. ದೂರು ತಲುಪಿದೆಯೆಂದು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ಮೊದಲ ಇಮೇಲಿಗೆ ಇಂದಿಗೆ ನಲವತ್ತೊಂದು ದಿನ.

ಬದಲಿ ಪೆಟ್ಟಿಗೆ ಬೇಡ. ನೀವು ಇನ್ನೇನನ್ನು ಕಳುಹಿಸಿದರೂ ನಾನು ನಂಬುವುದಿಲ್ಲ. ಏಳು ದಿನದೊಳಗೆ ಪೂರ್ತಿ ಹಣ ಬರದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕ ವಾಸಿಸುವ ಊರಿನಲ್ಲಿಯೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರನ್ನು ಇಡುವುದಿಲ್ಲ, ನಾನೇ ವಾದಿಸುತ್ತೇನೆ. ಕಾಗದ ಪತ್ರ ಜೋಡಿಸುವುದು ನನ್ನ ದಿನನಿತ್ಯದ ಕಸುಬು. ನೀವು ಕೊಟ್ಟ ಪವರ್ ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತು ಇಲ್ಲ. ಅದರ ಫೋಟೋ ಬೇರೆ ಕಡೆಗೆ ಹೋಗುತ್ತದೆ.

ಇನ್ನೊಂದು ಮಾತು. ಪ್ರತಿ ಕರೆಯ ಆರಂಭದಲ್ಲಿ ‘ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಲಾಗುತ್ತಿದೆ’ ಎಂದು ನಿಮ್ಮ ಯಂತ್ರ ಹೇಳುತ್ತದೆ. ಆ ಐದನೆಯ ಕರೆಯ ಧ್ವನಿಮುದ್ರಣವನ್ನು ಅಳಿಸಬೇಡಿ. ಅದನ್ನು ಆಯೋಗದ ಮುಂದೆ ಹಾಜರುಪಡಿಸುವಂತೆ ಅರ್ಜಿ ಈಗಾಗಲೇ ಬರೆದಿಟ್ಟಿದ್ದೇನೆ.

ಇಂತಿ,
ಪೆಟ್ಟಿಗೆ ಕೊಂಡ ಗ್ರಾಹಕಿ