ಚಿಕ್ಕ ಕಡ್ಡಿ ಯಾಕೆ ನಿಲ್ಲಿಸಿದೆವು, ಬೆಲೆ ಯಾಕೆ ಏರಿತು

ಪ್ರೀತಿಯ ಗ್ರಾಹಕರೇ,

ಮೂರು ವಾರದಿಂದ ಫೋನಿಗೆ ಬಿಡುವಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಕೊಡಲು ಆಗುತ್ತಿಲ್ಲ, ಕ್ಷಮಿಸಿ. ಈ ಪತ್ರವನ್ನು ಹೊಸ ಕಿಟ್ ಕಳಿಸುವ ಮೊದಲೇ ಬರೆಯಬೇಕಿತ್ತು. ಬರೆಯದೇ ಇದ್ದದ್ದು ನಮ್ಮ ತಪ್ಪು.

ವಿಷಯ ಇಷ್ಟು. ನಮ್ಮದು ರೇಖಾಗಣಿತದ ಕಿಟ್: ಎರಡೂ ತುದಿಯಲ್ಲಿ ಮ್ಯಾಗ್ನೆಟ್ ಇರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಸ್ಟೀಲ್ ಗುಂಡುಗಳಿಗೆ ಅಂಟಿಸಿ ತ್ರಿಕೋನ, ಕ್ಯೂಬ್ ಥರದ ಆಕೃತಿ ಕಟ್ಟುವುದು. 27 ಮಿ.ಮೀ. ಕಡ್ಡಿಯನ್ನು ಪೂರ್ತಿ ನಿಲ್ಲಿಸಿದ್ದೇವೆ. ಇನ್ನು ಮುಂದೆ ಅದರ ಬದಲು 66.7 ಮಿ.ಮೀ. ಕಡ್ಡಿ. ಸ್ಟೀಲ್ ಗುಂಡು ಹಿಂದಿನದೇ, ಅರ್ಧ ಇಂಚಿನದು. 60 ಕಡ್ಡಿಯ ಕಿಟ್ 1,640 ರೂಪಾಯಿ ಇದ್ದದ್ದು 1,980 ಆಗಿದೆ.

ಹೋದ ವರ್ಷ ಒಬ್ಬರು ತಾಯಿ ಫೋನ್ ಮಾಡಿದ್ದರು. ಕಿಟ್ ಹೈಸ್ಕೂಲಿಗೆ ಹೋಗುವ ಮಗಳದು. ಎರಡು ವರ್ಷದ ತಮ್ಮ ಕಡ್ಡಿಯ ತುದಿ ಕಚ್ಚಿ ಕಚ್ಚಿ ಮುಚ್ಚಳ ಬಿಚ್ಚಿಬಿಟ್ಟಿದ್ದ. ಮ್ಯಾಗ್ನೆಟ್ ಅವನ ಕೈಯಲ್ಲೇ ಸಿಕ್ಕಿತು, ಏನೂ ಆಗಲಿಲ್ಲ. ಆ ತಾಯಿ ಬೈಯಲೂ ಇಲ್ಲ. ಆದರೆ ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಡಬ್ಬದ ಮೇಲೆ 14 ವರ್ಷ ದಾಟಿದವರಿಗೆ ಅಂತ ದೊಡ್ಡದಾಗಿ ಬರೆದಿದ್ದೆವು, ನಿಜ. ಆದರೆ ಮನೆ ಅಂದ ಮೇಲೆ ತಮ್ಮ ತಂಗಿ ಇರುತ್ತಾರೆ, ಅಲ್ವಾ?

ಒಂದು ಮ್ಯಾಗ್ನೆಟ್ ನುಂಗಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ನುಂಗಿದರೆ ಎರಡೂ ಕರುಳಿನ ಬೇರೆ ಬೇರೆ ಸುತ್ತಿನಲ್ಲಿ ಇರುತ್ತವೆ. ಅಲ್ಲಿಂದಲೇ ಒಂದನ್ನೊಂದು ಎಳೆದುಕೊಳ್ಳುತ್ತವೆ. ನಡುವೆ ಸಿಕ್ಕಿದ ಕರುಳು ತೂತಾಗುತ್ತದೆ. ಮೊದಲಿಗೆ ಸುಮ್ನೆ ಹೊಟ್ಟೆನೋವು, ವಾಂತಿ ಥರ ಕಾಣುತ್ತದೆ. ಯಾರ ಮನೆಯಲ್ಲಾದರೂ, ಯಾವ ಕಂಪನಿಯ ಮ್ಯಾಗ್ನೆಟ್ ಆದರೂ, ಮಗು ನುಂಗಿದ ಅನುಮಾನ ಬಂದರೆ ಕಾಯಬೇಡಿ. ಆಸ್ಪತ್ರೆಗೆ ಓಡಿ, ಎಕ್ಸ್-ರೇ ತೆಗೆಸಿ.

ಆಟಿಕೆಯ ಪರೀಕ್ಷೆಗೆ ಒಂದು ಸಣ್ಣ ಕೊಳವೆ ಇರುತ್ತದೆ. ಅಗಲ 31.7 ಮಿ.ಮೀ., ತಳ ಓರೆ, ಆಳವಾದ ಕಡೆ 57.1 ಮಿ.ಮೀ. ಅದರೊಳಗೆ ಪೂರ್ತಿ ಕೂರುವ ವಸ್ತು ಮಗುವಿನ ಗಂಟಲಿಗೂ ಹೋಗಬಹುದು ಅಂತ ಲೆಕ್ಕ. ನಮ್ಮ ಹಳೇ ಕಡ್ಡಿ ಆರಾಮಾಗಿ ಕೂರುತ್ತಿತ್ತು. ಹೊಸ ಕಡ್ಡಿಯನ್ನು ನೆಟ್ಟಗೆ ಹಾಕಿ, ಓರೆಯಾಗಿ ಹಾಕಿ, ತುದಿ ಆಚೆಯೇ ಉಳಿಯುತ್ತದೆ. ಗುಂಡು ಮಾತ್ರ ಈಗಲೂ ಚಿಕ್ಕದೇ. ಅದು ಮ್ಯಾಗ್ನೆಟ್ ಅಲ್ಲ, ಬರೀ ಸ್ಟೀಲು. ಆದರೂ ಗಂಟಲಿಗೆ ಸಿಕ್ಕಬಹುದು. ಹಾಗಾಗಿ ಆಟ ಮುಗಿದ ಮೇಲೆ ಎಣಿಸಿ ಒಳಗಿಡಿ.

66.7 ಅನ್ನೋ ವಿಚಿತ್ರ ಅಳತೆ ಯಾಕೆ ಅಂತ ಕೆಲವರು ಕೇಳಿದಿರಿ. ಇದನ್ನು ಹೇಳಲು ನಮಗೆ ಹೆಮ್ಮೆ. ಎರಡು ಹಳೇ ಕಡ್ಡಿ, ನಡುವೆ ಒಂದು ಗುಂಡು ಇಟ್ಟು ಅಳೆಯಿರಿ: 27, 12.7, ಮತ್ತೆ 27. ಸರಿಯಾಗಿ 66.7. ನಿಮ್ಮ ಹತ್ತಿರ ಇರುವ ಹಳೇ ಸೆಟ್ ವ್ಯರ್ಥ ಆಗಬಾರದು ಅಂತಲೇ ಈ ಅಳತೆಗೆ ಪೀಣ್ಯದಲ್ಲಿ ಹೊಸ ಡೈ, ಅಂದರೆ ಅಚ್ಚು, ಮಾಡಿಸಿದೆವು. ದೊಡ್ಡ ತ್ರಿಕೋನದ ಒಳಗೆ ಹಳೇ ಕಡ್ಡಿಯ ನಾಲ್ಕು ಚಿಕ್ಕ ತ್ರಿಕೋನ ಸರಿಯಾಗಿ ಕೂರುತ್ತವೆ. ಕಟ್ಟಿ ನೋಡಿ.

ಈಗ ದುಡ್ಡಿನ ವಿಷಯ. "ಆಟಿಕೆಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ನೀವು ಮಾತ್ರ ಏರಿಸಿದ್ದೀರಿ" ಅಂತ ಒಬ್ಬರು ಮೇಷ್ಟ್ರು ಬರೆದಿದ್ದಾರೆ. ಓದಿ ನಿಜವಾಗಿ ನೋವಾಯಿತು. 2025ರ ಸೆಪ್ಟೆಂಬರ್ 22ರಿಂದ ಇಳಿದದ್ದು ಹೌದು. ಹೊಸ ಕಿಟ್ ಆಟಿಕೆ ಲೆಕ್ಕಕ್ಕೇ ಬರುತ್ತದೆ, ಬಿಲ್ಲಿನಲ್ಲಿ 5 ಮಾತ್ರ ಹಾಕಿದ್ದೇವೆ, ನೋಡಿ. ಆದರೆ ನಾವು ಕೊಳ್ಳುವ ಮ್ಯಾಗ್ನೆಟ್ಟಿಗೆ 18, ಸ್ಟೀಲ್ ಗುಂಡಿಗೆ 18, ಪ್ಲಾಸ್ಟಿಕ್ ಕಾಳಿಗೆ 18. ನಾವು ಕೊಟ್ಟ 18, ನಿಮ್ಮಿಂದ ಪಡೆದ 5, ಇವುಗಳ ನಡುವಿನ ವ್ಯತ್ಯಾಸಕ್ಕೆ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಕಾಯಬೇಕು. ದುಡ್ಡು ವಾಪಸ್ ಬರುವವರೆಗೆ ಅದು ನಮ್ಮ ಕೈಯಲ್ಲಿಲ್ಲ. ಐದು ಜನರ ಸಂಬಳ ಮಾತ್ರ ಪ್ರತಿ ತಿಂಗಳು ಒಂದನೇ ತಾರೀಕಿಗೆ ಕೊಡಲೇಬೇಕು.

ಇನ್ನು ಮ್ಯಾಗ್ನೆಟ್. ಪ್ರತಿ ಕಡ್ಡಿಗೆ ಎರಡು ಬೇಕು, ಬರುವುದು ಚೀನಾದಿಂದ. 2025ರ ಏಪ್ರಿಲ್ 4ರಂದು ಅಲ್ಲಿನ ಸರ್ಕಾರ ಏಳು ಲೋಹಗಳಿಗೆ, ಅವು ಸೇರಿದ ಮ್ಯಾಗ್ನೆಟ್‌ಗಳಿಗೆ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ನಮ್ಮದು ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್. ನಿಯೋಡಿಮಿಯಂ ಆ ಏಳರಲ್ಲಿ ಇಲ್ಲವೇ ಇಲ್ಲ; ಡಿಸ್ಪ್ರೋಸಿಯಂ, ಟರ್ಬಿಯಂ ಇವೆ. ಆದರೂ "ಇದರಲ್ಲಿ ಡಿಸ್ಪ್ರೋಸಿಯಂ ಇಲ್ಲ, ಟರ್ಬಿಯಂ ಇಲ್ಲ" ಅಂತ ಕಾಗದ ಕೊಡುತ್ತಾ ನಮ್ಮ ಪೆಟ್ಟಿಗೆಗಳು ಎರಡು ತಿಂಗಳು ಅಲ್ಲೇ ಕೂತವು. ಮತ್ತೆ ಬಂದದ್ದು ಹೊಸ ರೇಟಿನಲ್ಲಿ. ದೇಶದ ಕಾರು ಕಂಪನಿಗಳೇ ಆಗ ಮ್ಯಾಗ್ನೆಟ್ ಇಲ್ಲದೆ ಒದ್ದಾಡಿದವು, ನಮ್ಮಂಥವರು ಯಾವ ಲೆಕ್ಕ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಲ್ಲೇ ಮ್ಯಾಗ್ನೆಟ್ ಮಾಡಿಸಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಇಲ್ಲಿ ಸಿಗುವ ದಿನ ಬಂದರೆ ನಾವು ಇಲ್ಲೇ ಕೊಳ್ಳುತ್ತೇವೆ.

ಜೊತೆಗೆ, ಹೊಸ ಕಿಟ್ ಆಟಿಕೆ ಆದ್ದರಿಂದ, ಪರೀಕ್ಷೆಯ ಖರ್ಚು. 14 ವರ್ಷದ ಒಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಅದು ಬೇಕಾದದ್ದೇ, ಅದರ ಬಗ್ಗೆ ನಮ್ಮ ದೂರಿಲ್ಲ.

ಎಲ್ಲಕ್ಕಿಂತ ಜಾಸ್ತಿ ಬಂದ ದೂರು ಇದು: "ಹೊಸ ಕಡ್ಡಿಯಲ್ಲಿ ಕ್ಯೂಬ್ ನಿಲ್ಲಲ್ಲ, ಮ್ಯಾಗ್ನೆಟ್ ಲೋಕಲ್ ಹಾಕಿದ್ದಾರೆ."

ಇಲ್ಲ. ಮ್ಯಾಗ್ನೆಟ್ ಹಳೆಯದೇ, ಅದೇ ಗ್ರೇಡ್, ಅದೇ ಅಳತೆ. ಕಡ್ಡಿ ಉದ್ದವಾಗಿ ತೂಕ ಹೆಚ್ಚಿದೆ, ಅದನ್ನು ಒಪ್ಪುತ್ತೇವೆ. ಆದರೆ ಕ್ಯೂಬ್ ಬೀಳುವುದಕ್ಕೆ ಕಾರಣ ಅದರ ಆಕಾರ. ಹಳೇ ಕಡ್ಡಿಯಲ್ಲಿ ಅದು ನಿಂತದ್ದು ಮ್ಯಾಗ್ನೆಟ್ಟಿನ ಹಿಡಿತದ ಮೇಲೆ ಮಾತ್ರ. ಬೆರಳಿನಿಂದ ತಳ್ಳಿದರೆ ಆಗಲೂ ವಾಲುತ್ತಿತ್ತು, ನೆನಪಿದೆಯಾ?

ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1864ರಲ್ಲಿ ಕೊಟ್ಟ ಒಂದು ಸುಲಭದ ಲೆಕ್ಕ ಇದೆ. ಗುಂಡುಗಳನ್ನು ಎಣಿಸಿ, ಮೂರರಿಂದ ಗುಣಿಸಿ, ಆರು ಕಳೆಯಿರಿ. ಆಕೃತಿ ಗಟ್ಟಿಯಾಗಿ ನಿಲ್ಲಲು ಕಡಿಮೆ ಅಂದರೂ ಅಷ್ಟು ಕಡ್ಡಿ ಬೇಕು. ಕ್ಯೂಬಿನಲ್ಲಿ 8 ಗುಂಡು, ಅಂದರೆ 18 ಕಡ್ಡಿ ಬೇಕು. ಇರುವುದು 12. ಆರು ಕಡಿಮೆ. ಕ್ಯೂಬಿಗೆ ಮುಖಗಳೂ ಆರೇ! ಪ್ರತಿ ಮುಖಕ್ಕೆ ಒಂದು ಕರ್ಣ ಹಾಕಿ, ಚೌಕ ಹೋಗಿ ಎರಡು ತ್ರಿಕೋನ ಆಗುತ್ತದೆ, ಕ್ಯೂಬ್ ಕಲ್ಲಿನ ಹಾಗೆ ಕೂರುತ್ತದೆ. ಕಿಟ್ಟಿನಲ್ಲಿ ಇರುವ ಆರು ಹಳದಿ ಉದ್ದ ಕಡ್ಡಿ ಇದಕ್ಕೇ.

ಇನ್ನೊಂದು ಪ್ರಯೋಗ ಮಕ್ಕಳ ಜೊತೆ ಮಾಡಿ. 30 ಕಡ್ಡಿ ತೆಗೆದುಕೊಳ್ಳಿ. 12 ಗುಂಡು ಹಾಕಿ 20 ತ್ರಿಕೋನಗಳ ಆಕೃತಿ ಕಟ್ಟಿ, ನಿಲ್ಲುತ್ತದೆ. ಲೆಕ್ಕ ಹಾಕಿದರೆ ಬೇಕಾದದ್ದೂ 30, ಇರುವುದೂ 30. ಈಗ ಅದೇ 30 ಕಡ್ಡಿಗೆ 20 ಗುಂಡು ಹಾಕಿ 12 ಪಂಚಕೋನಗಳ ಆಕೃತಿ ಕಟ್ಟಿ. ಕೈ ಬಿಟ್ಟ ಕೂಡಲೇ ಕುಸಿಯುತ್ತದೆ. ಅದಕ್ಕೆ 54 ಬೇಕು. ಎರಡರಲ್ಲೂ ಮ್ಯಾಗ್ನೆಟ್ ಅದೇ.

ಇಷ್ಟಾದರೂ ಯಾವುದಾದರೂ ಗುಂಡಿನ ಹತ್ತಿರ ಸಡಿಲ ಅನಿಸಿದರೆ ಒಂದೆರಡು ಕಡ್ಡಿ ತಿರುಗಿಸಿ ಹಾಕಿ. ಒಂದೇ ಗುಂಡಿಗೆ ಬಂದ ಐದೂ ತುದಿ ಉತ್ತರ ಧ್ರುವವೇ ಆದರೆ ಹಿಡಿತ ಕಡಿಮೆ ಆಗುತ್ತದೆ. ಉತ್ತರ, ದಕ್ಷಿಣ ಬೆರೆಸಿದರೆ ಗಟ್ಟಿ. ಅದಕ್ಕೇ ಹೊಸ ಕಡ್ಡಿಯ ಒಂದು ತುದಿಗೆ ಬಿಳಿ ಚುಕ್ಕೆ ಇಟ್ಟಿದ್ದೇವೆ.

ಕ್ಯೂಬಿನ ವಿಷಯದಲ್ಲಿ ನಾವು ಮಾಡಿದ ತಪ್ಪೂ ಒಂದಿದೆ. ಕರ್ಣದ ಉದ್ದಕ್ಕೆ 66.7ನ್ನು 1.414ರಿಂದ ಗುಣಿಸಿ 94.3 ಅಂತ ಕತ್ತರಿಸಿಬಿಟ್ಟೆವು. ಗುಂಡಿನ ದಪ್ಪ ಸೇರಿಸಬೇಕಿತ್ತು. ಗುಂಡಿನ ನಡುವಿನಿಂದ ನಡುವಿಗೆ ದೂರ 79.4, ಅದರ ಕರ್ಣ 112.3, ಗುಂಡು ಕಳೆದರೆ ಕಡ್ಡಿ 99.6. ಐದು ಮಿ.ಮೀ. ಚಿಕ್ಕದಾದ ಕಡ್ಡಿ ಮೊದಲ ಕಂತಿನ ಡಬ್ಬಗಳಲ್ಲಿ ಹೋಗಿದೆ. ರೇಖಾಗಣಿತದ ಕಿಟ್ ಮಾಡುವ ನಾವು ಈ ತಪ್ಪು ಮಾಡಬಾರದಿತ್ತು. ಮನಸ್ಸಿನಿಂದ ಕ್ಷಮೆ ಕೇಳುತ್ತೇವೆ.

ಹಳದಿ ಕಡ್ಡಿಯನ್ನು ಸ್ಕೇಲಿನಲ್ಲಿ ಅಳೆದು ನೋಡಿ. ಹತ್ತು ಸೆಂಟಿಮೀಟರ್ ಹತ್ತಿರ ಇದ್ದರೆ ಸರಿ. 94 ಮಿ.ಮೀ. ಇದ್ದರೆ ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ. ಆರು ಹೊಸ ಕಡ್ಡಿ ನಮ್ಮ ಖರ್ಚಿನಲ್ಲಿ ಬರುತ್ತವೆ, ಹಳೆಯದನ್ನು ವಾಪಸ್ ಕಳಿಸಬೇಕಿಲ್ಲ. ಆದರೆ 27 ಮಿ.ಮೀ. ಕಡ್ಡಿಗಳ ಎರಡೂ ತುದಿ ಹಿಡಿದು ಒಮ್ಮೆ ತಿರುಚಿ ನೋಡಿ. ಮುಚ್ಚಳ ಅಲುಗಾಡಿದ ಕಡ್ಡಿಗಳನ್ನು ಮಾತ್ರ ದಯವಿಟ್ಟು ಇವತ್ತೇ ಎತ್ತಿಟ್ಟು ನಮಗೆ ಕಳಿಸಿಕೊಡಿ. ಎಷ್ಟು ಹಳೆಯದಾದರೂ ಬಿಲ್ ಕೇಳುವುದಿಲ್ಲ, ಎಷ್ಟು ಬಂದವೋ ಅಷ್ಟು ಹೊಸ ಕಡ್ಡಿ ಕೊಡುತ್ತೇವೆ.

ನಿಮ್ಮ,
ಕಿಟ್ ಕಟ್ಟುವ ಐದು ಜನ