ಹದಿಮೂರಲ್ಲ, ಹದಿನಾಲ್ಕು

ಮಾನ್ಯ ಸಂಪಾದಕರೇ,

ಶನಿವಾರದ ಟೌನ್ ಹಾಲ್ ಕ್ವಿಜ್ ಬಗ್ಗೆ ನಿಮ್ಮ ಲಂಡನ್ ಪುಟದಲ್ಲಿ ಬಂದ ವರದಿ ಈಗ ತಾನೇ ಓದಿದೆ. ‘ಸಂಭ್ರಮದಿಂದ ನೆರವೇರಿತು’ ಅಂತೆ. ಯಾರ ಸಂಭ್ರಮ ಸ್ವಾಮಿ? ನಮ್ಮ ಕನ್ನಡದವರ ಮೇಜು ಒಂದೇ ಒಂದು ಅಂಕದಲ್ಲಿ ಸೋತಿತು. ಆ ಒಂದು ಅಂಕ ಹೋದದ್ದು ನಾನು ಸರಿಯಾಗಿ ಬರೆದ ಉತ್ತರಕ್ಕೆ.

ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. ಬ್ರಿಟನ್ನಿನ ಸಿಂಗಲ್ಸ್ ಚಾರ್ಟಿನಲ್ಲಿ, ಅಂದರೆ ವಾರವಾರ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ, ಗಾಯಕ ಕ್ಲಿಫ್ ರಿಚರ್ಡ್ ಎಷ್ಟು ಸಲ ನಂಬರ್ ಒನ್? ನಾನು 14 ಎಂದು ಬರೆದೆ. ಕ್ವಿಜ್ ನಡೆಸಿದ ಕೌನ್ಸಿಲ್ (ನಮ್ಮ ಸ್ಥಳೀಯ ಆಡಳಿತ) ಅಧಿಕಾರಿಯ ಹಾಳೆಯಲ್ಲಿ 13 ಇತ್ತು. ನೀವೂ ಅದನ್ನೇ ಅಚ್ಚು ಹಾಕಿದ್ದೀರಿ. ಒಂದು ಸಲ ಯಾರನ್ನಾದರೂ ಕೇಳಬಾರದಿತ್ತಾ?

ತಪ್ಪು ಎಲ್ಲಿ ಆಗಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ‘ಲಿವಿಂಗ್ ಡಾಲ್’ 1959ರಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. 1986ರಲ್ಲಿ ಕ್ಲಿಫ್ ಅದೇ ಹಾಡನ್ನು ‘ದಿ ಯಂಗ್ ಒನ್ಸ್’ ಎಂಬ ಟಿವಿ ಹಾಸ್ಯ ತಂಡದ ಜೊತೆ ಕಾಮಿಕ್ ರಿಲೀಫ್ ಎಂಬ ದತ್ತಿ ಸಂಸ್ಥೆಯ ಸಹಾಯಾರ್ಥ ಮತ್ತೆ ಹಾಡಿದರು. ಅದೂ ನಂಬರ್ ಒನ್. (ಆ ತಂಡದ ಹೆಸರೇ ಕ್ಲಿಫ್ ಅವರ 1962ರ ಹಾಡಿನಿಂದ ಬಂದದ್ದು. ಇದು ಯಾರ ಹಾಳೆಯಲ್ಲೂ ಇರಲಿಲ್ಲ ಬಿಡಿ.) ಬೇರೆ ರೆಕಾರ್ಡಿಂಗ್, ಬೇರೆ ಡಿಸ್ಕ್, ನಡುವೆ 27 ವರ್ಷ. ಇದನ್ನು ವೇದಿಕೆ ಹತ್ತಿರ ಹೋಗಿ ಹೇಳಿದರೆ ಆ ಮಹಾಶಯರು ನಕ್ಕು, ಹಾಡು ಒಂದೇ ಅಲ್ವಾ ಅಂದರು.

ಹಾಗಾದರೆ ಮನೆಯೂ ಒಂದೇ ಅಲ್ವಾ? ಪ್ರತಿ ವರ್ಷ ಆ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಯಾಕೆ ಕೇಳುತ್ತೀರಿ? ಒಂದು ಸಲ ಕಟ್ಟಿದ್ದೇನೆ, ಮುಗಿಯಿತು!

ಇಷ್ಟಕ್ಕೂ ನಾನು ಅಲ್ಲಿಗೆ ತಲುಪಿದ್ದೇ ಪವಾಡ. ನಮ್ಮ ಕಡೆಯ ಬಸ್ಸಿನ ಕತೆ ನಿಮಗೆ ಗೊತ್ತೇ ಇದೆ. ಮಳೆಯಲ್ಲಿ 50 ನಿಮಿಷ ನಿಂತೆ. ಶೆಲ್ಟರಿನ ಗಾಜು ಒಡೆದು ಎರಡು ಚಳಿಗಾಲ ಆಯಿತು. ಮಂಡಿ ನೋವು ಬೇರೆ. ಕ್ಲಿಫ್ ಅವರ ಮೊದಲ ಹಿಟ್ ‘ಮೂವ್ ಇಟ್’ ಇದೆಯಲ್ಲ, ಅದನ್ನು ಇಯನ್ ಸ್ಯಾಮ್‌ವೆಲ್ ಬರೆದದ್ದು ಡಬಲ್ ಡೆಕರ್ ಬಸ್ಸಿನಲ್ಲಿ ಕೂತು. ಆಗ ಬಸ್ಸು ಬರುತ್ತಿತ್ತು ಅಂತ ಕಾಣುತ್ತದೆ. ನಾನು ಕಾದ ಹೊತ್ತಿನಲ್ಲಿ ಒಂದು ಇಡೀ ಆಲ್ಬಂ ಬರೆಯಬಹುದಿತ್ತು.

ಒಳಗೆ ಬಂದರೆ ನಿರೂಪಕರು ‘ಮೂವ್ ಇಟ್’ ಮೊದಲ ನಂಬರ್ ಒನ್ ಎಂದು ಜೋರಾಗಿ ಹೇಳುತ್ತಿದ್ದರು. ಅದು 1958ರಲ್ಲಿ ಎರಡನೇ ಸ್ಥಾನಕ್ಕೆ ನಿಂತಿತು ಸ್ವಾಮಿ. ಅದಕ್ಕಿಂತ ಮಜಾ ಅಂದರೆ, ಅದನ್ನು ಮೊದಲು ಡಿಸ್ಕಿನ ಹಿಂಬದಿಗೆ, ಅಂದರೆ ಬಿ ಸೈಡ್‌ಗೆ ಹಾಕಿದ್ದರು. ಮುಂದೆ ಇರಬೇಕಾಗಿದ್ದ ‘ಸ್ಕೂಲ್‌ಬಾಯ್ ಕ್ರಷ್’ ಇವತ್ತು ಯಾರಿಗೆ ನೆನಪಿದೆ? ರೆಕಾರ್ಡ್ ತಿರುಗಿಸಿ ನೋಡುವ ಬುದ್ಧಿ ಆಗ ಟಿವಿ ನಿರ್ಮಾಪಕ ಜ್ಯಾಕ್ ಗುಡ್ ಅವರಿಗೆ ಇತ್ತು. ನಮ್ಮ ಕೌನ್ಸಿಲ್‌ಗೆ ಇಲ್ಲ.

ನಾನು ಮೈಸೂರಿನಲ್ಲಿ ಹುಡುಗನಾಗಿದ್ದಾಗ ರೇಡಿಯೋ ಸಿಲೋನ್‌ನಲ್ಲಿ ಈ ಹಾಡುಗಳನ್ನು ಕೇಳಿದವನು. ಲಖನೌನಲ್ಲಿ ಹುಟ್ಟಿದ ಹುಡುಗ, ಹ್ಯಾರಿ ವೆಬ್ (ಅದೇ ಕ್ಲಿಫ್ ಅವರ ಹುಟ್ಟು ಹೆಸರು), 1948ರಲ್ಲಿ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದ ಎಂದು ಕೇಳಿದಾಗ ನಮ್ಮವನೇ ಅನ್ನಿಸಿತ್ತು. ಟೌನ್ ಹಾಲಿನಲ್ಲಿ ಕ್ಲಿಫ್ ಬಗ್ಗೆ ಹಾಕಿದ್ದ ಫಲಕದಲ್ಲಿ ಲಖನೌ ಸುದ್ದಿಯೇ ಇಲ್ಲ. ಅರ್ಧ ಸಭಾಂಗಣ ಭಾರತದವರೇ ತುಂಬಿದ್ದರೂ!

ಫಲಕದಲ್ಲಿ ಇನ್ನೇನಿತ್ತು? ‘ಬೀಟಲ್ಸ್ ಬಂದ ಮೇಲೆ ಮರೆಯಾದ ಗಾಯಕ’ ಎಂಬ ಒಂದು ಸಾಲು. ಮರೆಯಾದವರು 1965ರಲ್ಲಿ, 1968ರಲ್ಲಿ ನಂಬರ್ ಒನ್ ಆಗುತ್ತಾರಾ? ಆಮೇಲೆ 11 ವರ್ಷ ಆ ಜಾಗ ಸಿಗಲಿಲ್ಲ, ಅದು ನಿಜ. ಆದರೆ 1979ರಲ್ಲಿ ‘ವಿ ಡೋಂಟ್ ಟಾಕ್ ಎನಿಮೋರ್’ ಬಂತು. ಆ ಡಿಸ್ಕ್ ನಾನೇ ಕೊಂಡಿದ್ದೆ, ಇನ್ನೂ ಇದೆ. 1988 ಮತ್ತು 1990ರಲ್ಲಿ ಕ್ರಿಸ್‌ಮಸ್ ವಾರದ ನಂಬರ್ ಒನ್. 1999ರಲ್ಲಿ ‘ಮಿಲೆನಿಯಂ ಪ್ರೇಯರ್’. ಅದನ್ನು ಅವರ ಹಳೇ ಕಂಪನಿ ಇಎಂಐ ಬೇಡ ಅಂದಿತು. ಎಷ್ಟೋ ರೇಡಿಯೋದವರು ಹಾಕಲೇ ಇಲ್ಲ. ಆದರೂ ಮೂರು ವಾರ ಮೇಲೆ ಕೂತಿತು. ಐದು ದಶಕ, ಪ್ರತಿ ದಶಕದಲ್ಲೂ ನಂಬರ್ ಒನ್. ಇದನ್ನು ಮರೆಯಾಗುವುದು ಅನ್ನುವುದಾದರೆ ನಮ್ಮ ಬೀದಿ ದೀಪಗಳಿಗೆ ಏನನ್ನಬೇಕೋ.

ಬೀದಿ ದೀಪ ಅಂದಾಗ ನೆನಪಾಯಿತು. ಚರ್ಚ್ ತಿರುವಿನ ದೀಪದ ಬಗ್ಗೆ ಮೂರು ಪತ್ರ ಬರೆದಿದ್ದೇನೆ. ಲೈಬ್ರರಿ ವಾರಕ್ಕೆ ಎರಡು ದಿನ ಮಾತ್ರ. ಅಲ್ಲಿದ್ದ ಚಾರ್ಟ್ ಪುಸ್ತಕಗಳನ್ನೆಲ್ಲ ಒಂದು ಬೇಸಿಗೆಯಲ್ಲಿ 50 ಪೆನ್ನಿಗೆ ಮಾರಿಬಿಟ್ಟರು. ಅವುಗಳಲ್ಲಿ ಒಂದಾದರೂ ಉಳಿದಿದ್ದರೆ 14 ಎಂದು ಅವರಿಗೇ ಕಾಣುತ್ತಿತ್ತು. ಕಸದ ಬಿನ್ ವಿಷಯ ಎತ್ತಿದರೆ ಪುಟ ಸಾಲುವುದಿಲ್ಲ.

ಐದು ಪೌಂಡ್ ಟಿಕೆಟ್, ತಣ್ಣಗಿನ ಸಮೋಸ, ಕೊನೆಗೆ ಗೆದ್ದ ಮೇಜಿನವರಿಗೆ ‘ಕಂಗ್ರಾಚ್ಯುಲೇಷನ್ಸ್’ ಹಾಡು! 1968ರ ಯೂರೋಪಿನ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ಅದೇ ಹಾಡು ಸ್ಪೇನ್ ಎದುರು ಒಂದೇ ಒಂದು ಅಂಕದಲ್ಲಿ ಸೋತದ್ದು. ಬೇಕೆಂದೇ ಹಾಕಿದರೋ, ಸುಮ್ನೆ ಹಾಕಿದರೋ ಗೊತ್ತಿಲ್ಲ. ನಮ್ಮ ಮೇಜಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆದ್ದರಿಂದ ಆ ಅಂಕವನ್ನು ನಮಗೆ ಕೊಡಿಸಬೇಕು. ಇಲ್ಲವೇ ಆ ಫಲಕವನ್ನಾದರೂ ಇಳಿಸಬೇಕು. ನೀವೂ ತಿದ್ದುಪಡಿ ಹಾಕಬೇಕು, ಮೂಲೆಯಲ್ಲಿ ಅಲ್ಲ, ಕಣ್ಣಿಗೆ ಕಾಣುವ ಹಾಗೆ. ಬಸ್ ಶೆಲ್ಟರಿಗೆ ಗಾಜು ಹಾಕಿಸುವುದನ್ನೂ ಯಾರಾದರೂ ನೋಡಿಕೊಂಡರೆ ಒಳ್ಳೆಯದು. ಎಣಿಸಲು ಬರದವರು ಕ್ವಿಜ್ ಯಾಕೆ ಮಾಡಬೇಕು?

— ಆರನೇ ಮೇಜಿನಲ್ಲಿ ಕೂತಿದ್ದ ನಿಮ್ಮ ಹಳೆಯ ಓದುಗ